ಅಧ್ಯಕ್ಷರ ಕಪ್ಪು ಚೌಕಟ್ಟು

ಸ್ತಾರಾ ಚೆಷ್ಮಾ ಊರಿನ ಮೇಲ್ಕೇರಿಗೆ ಹೋಗಲು ನೂರ ಎಂಬತ್ತಾರು ಮೆಟ್ಟಿಲುಗಳಿವೆ. ಪುರಸಭೆಯ ಕಡತದಲ್ಲಿ ನೂರ ತೊಂಬತ್ತು ಎಂದಿದೆ. ಉಳಿದ ನಾಲ್ಕು ಎಲ್ಲಿ ಹೋದವು ಎಂದು ಕೇಳಿ ಬ್ಲಾಗೊಯಾ ಬರೆದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಮೂವತ್ತೆಂಟು ವರ್ಷ ಅಂಚೆಚೀಲ ಹೊತ್ತು ಆ ಮೆಟ್ಟಿಲುಗಳನ್ನು ಹತ್ತಿ ಇಳಿದವನನ್ನು ನಂಬುವುದೋ, ಕಪಾಟಿನಿಂದ ಒಮ್ಮೆಯೂ ಕೆಳಗಿಳಿಯದ ಕಡತವನ್ನು ನಂಬುವುದೋ, ಅದು ಅವರವರಿಗೆ ಬಿಟ್ಟದ್ದು.

ಹೋದ ವರ್ಷ ಫೆಬ್ರವರಿಯಲ್ಲಿ ಅವನ ಹೆಂಡತಿ ಲೆಂಚೆ ಎಪ್ಪತ್ತೊಂದನೆಯ ಮೆಟ್ಟಿಲಿನಲ್ಲಿ ಹಿಮಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಳು. ಹಿಡಿದುಕೊಳ್ಳಲು ಅಲ್ಲಿ ಒಂದು ಕಂಬಿಯೂ ಇರಲಿಲ್ಲ. ಸೊಂಟದ ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅವಳು ಕೆಳಗೆ ಇಳಿದಿಲ್ಲ. ಶುಕ್ರವಾರದ ಸಂತೆ, ತಂಗಿಯ ಮನೆ, ಆಸ್ಪತ್ರೆ ಎಲ್ಲವೂ ಕೆಳಗೆ. ಡಾಕ್ಟರು ಮೇಲೆ ಬರುವುದಿಲ್ಲ, ಫೋನಿನಲ್ಲೇ ಕೆಮ್ಮು ಕೇಳಿ ಮಾತ್ರೆ ಹೇಳುತ್ತಾರೆ. ಲೆಂಚೆ ಬೆಳಿಗ್ಗೆ ಅಂಗಳದ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೆಳಗಿನ ಮನೆಗಳ ನಡುವೆ ತಂಗಿಯ ಮನೆಯ ಹೊಗೆಗೂಡನ್ನು ಹುಡುಕುತ್ತಾಳೆ. ಹೊಗೆ ಬಂದರೆ ತಂಗಿ ಎದ್ದಿದ್ದಾಳೆ ಎಂದು ತಿಳಿದು ತಾನೂ ಕಾಫಿ ಇಡುತ್ತಾಳೆ. ಮೆಟ್ಟಿಲಿಗೆ ಹೆದರಿ ತಂಗಿಯೂ ಮೇಲೆ ಬರುವುದಿಲ್ಲ, ಅಕ್ಕತಂಗಿಯರ ಭೇಟಿ ಈಗ ಇಷ್ಟೇ.

ಇದನ್ನು ದಿನವೂ ನೋಡಲಾರದೆ ಬ್ಲಾಗೊಯಾ ಒಂದು ನಾಗರಿಕ ಸಂಘ ಕಟ್ಟಿದ. ಹೆಸರು ‘ಮೆಟ್ಟಿಲು ಮಿತ್ರರು’. ಕಾನೂನಿಗೆ ಐದು ಜನ ಬೇಕು. ಅವನು, ಲೆಂಚೆ, ಪಕ್ಕದ ಮನೆಯ ದೊಂಕಾ, ಮಧ್ಯಾಹ್ನದ ನಿದ್ದೆ ಕೆಡಿಸದಿದ್ದರೆ ಏನಕ್ಕೆ ಬೇಕಾದರೂ ಸಹಿ ಹಾಕುವ ದೊಂಕಾಳ ಗಂಡ, ಮತ್ತು ಸಂಘದ ಮೊಹರು ಮಾಡಿಕೊಟ್ಟ ಮುದ್ರಣದಂಗಡಿಯ ತ್ರಾಯ್ಕೊ. ಮೊಹರು ಬಂದ ದಿನ ಬ್ಲಾಗೊಯಾ ಅದನ್ನು ಹದಿನಾರು ಸಲ ಹಳೆಯ ಪತ್ರಿಕೆಯ ಮೇಲೆ ಒತ್ತಿ ನೋಡಿದ. ಬಾಗಿಲಿಗೆ ‘ಅಧ್ಯಕ್ಷರು’ ಎಂದು ಫಲಕ ಬಿತ್ತು. ಊರವರ ಬಾಯಲ್ಲಿ ಜೀವಮಾನವಿಡೀ ಅಂಚೆಯವನಾಗಿದ್ದವನಿಗೆ ಆ ಪದ ಬಹಳ ರುಚಿಸಿತು.

“ಅಧ್ಯಕ್ಷರೇ, ಸೌದೆ ತರ್ತೀರಾ, ಇಲ್ಲ ನಿರ್ಣಯ ಪಾಸು ಮಾಡ್ಬೇಕಾ?” ಎಂದು ಲೆಂಚೆ ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

ಪುರಸಭೆಯೊಡನೆ ಸಹಕಾರದ ಒಪ್ಪಂದವೂ ಆಯಿತು. ಪರಸ್ಪರ ವಿಶ್ವಾಸ, ಪಾರದರ್ಶಕತೆ, ಪಾಲ್ಗೊಳ್ಳುವಿಕೆ ಎಂಬ ಮೂರು ಮಾತುಗಳಿದ್ದ ಆ ಕಾಗದಕ್ಕೆ ಗಾಜು ಹಾಕಿಸಿ ಒಲೆಯ ಮೇಲೆ ನೇತುಹಾಕಿದ್ದ. ಒಂದು ವರ್ಷದಲ್ಲಿ ಪಾರದರ್ಶಕತೆಯ ಮೇಲೆ ಹೊಗೆ ಕೂತು ಅದೊಂದು ಪದ ಓದಲು ಬಾರದಂತಾಯಿತು.

ಪುರಸಭೆಯಲ್ಲಿ ಸಂಘಗಳೊಡನೆ ಸಹಕರಿಸುವ ಅಧಿಕಾರಿಯ ಹೆಸರು ಗೊರಿತ್ಸಾ. ಬಿಸಿನೀರಿನ ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಹದಿನೇಳು ವರ್ಷದಿಂದ ಒಬ್ಬಳೇ ಕೂತು ಸಹಕರಿಸುತ್ತಿದ್ದಳು. ಒಳ್ಳೆಯ ಹೆಂಗಸು, ಆದರೆ ನಿಯಮ ಅವಳ ಕೈಯಲ್ಲಿರಲಿಲ್ಲ. ಪುರಸಭೆ ಇಂಥ ಕೆಲಸ ಕೈಗೆತ್ತಿಕೊಳ್ಳಬೇಕಾದರೆ ಮೊದಲು ಸಾರ್ವಜನಿಕ ಸಭೆ ನಡೆದು, ಹಾಜರಿ ಹಾಳೆಯಲ್ಲಿ ಮೂವತ್ತು ನಿವಾಸಿಗಳ ಸಹಿ ಬೀಳಬೇಕು. ಮೊದಲ ಸಭೆಗೆ ನಾಲ್ವರು ಬಂದಿದ್ದರು. ಎರಡನೆಯದಕ್ಕೆ ಮೂವರು. ಮೂರನೆಯದಕ್ಕೆ ಇಬ್ಬರು, ಅವರಲ್ಲೊಬ್ಬ ಶೌಚಾಲಯ ಎಲ್ಲಿದೆ ಎಂದು ಕೇಳಿಕೊಂಡು ಬಂದವನು.

“ಬುಧವಾರದ್ದು ನಾಲ್ಕನೇ ಸಭೆ, ಬ್ಲಾಗೊಯಾ ಅವರೇ. ಐದನೇದು ಅಂತ ಇಲ್ಲ. ಮೂವತ್ತು ಸಹಿ ಬೀಳ್ಲಿಲ್ಲ ಅಂದ್ರೆ ಕಂಬಿ ಪಟ್ಟಿಯಿಂದ ಹೋಗತ್ತೆ. ಮತ್ತೆ ನಾಲ್ಕು ವರ್ಷ ಅದರ ಮಾತೇ ಎತ್ತೋ ಹಾಗಿಲ್ಲ.”

“ನಾನು ಮನೆಮನೆಗೂ ಹೋಗಿ ಹೇಳಿದೀನಿ, ಗೊರಿತ್ಸಾ.”

“ನಾನೂ ಪುರಸಭೆ ವೆಬ್‌ಸೈಟಲ್ಲಿ ಹಾಕಿದೀನಿ. ಹನ್ನೊಂದು ಸಲ ತೆಗೆದು ನೋಡಿದಾರೆ ಅಂತ ತೋರಿಸ್ತಿದೆ. ಅದ್ರಲ್ಲಿ ಒಂಬತ್ತು ಸಲ ನಾನೇ.”

“ಹಾಗಾದ್ರೆ ಜನ ಬರೋದಾದ್ರೂ ಯಾವುದಕ್ಕೆ?”

ಗೊರಿತ್ಸಾ ಬೆರಳು ಮಡಿಸಿದಳು. “ಮದುವೆಗೆ ಬರ್ತಾರೆ. ಸಾವಿಗೆ ಬರ್ತಾರೆ. ಪುರಸಭೆಗೆ ಯಾಕೆ ಬರ್ತಾರೆ? ನಾನೇ ಸಂಬಳಕ್ಕೆ ಬರ್ತೀನಿ.”

ಲೆಂಚೆಗೆ ಆಗ ಅರವತ್ತೆಂಟು. ನಾಲ್ಕು ವರ್ಷ ಎಂದರೆ ಎಷ್ಟು ಎಂದು ಬ್ಲಾಗೊಯಾ ಪುರಸಭೆಯ ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಲಿಲ್ಲ. ಲೆಕ್ಕ ತಾನಾಗಿಯೇ ಬಂತು. ನೇರವಾಗಿ ತ್ರಾಯ್ಕೊನ ಅಂಗಡಿಗೆ ಹೋದ.

ತ್ರಾಯ್ಕೊ ಅಚ್ಚು ಹಾಕುವ ಹತ್ತು ಕಾಗದಗಳಲ್ಲಿ ಒಂಬತ್ತು ಸಾವಿನವು. ಆ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೊ, ಹೆಸರು, ಮಣ್ಣು ಮಾಡುವ ಹೊತ್ತು ಇಷ್ಟನ್ನು ಕಪ್ಪು ಚೌಕಟ್ಟಿನಲ್ಲಿ ಅಚ್ಚು ಮಾಡಿಸಿ ಬೇಕರಿಯ ಗೋಡೆ, ಬಸ್ ನಿಲ್ದಾಣ, ವಿದ್ಯುತ್ ಕಂಬಗಳಿಗೆ ಅಂಟಿಸುತ್ತಾರೆ. ಬೆಳಿಗ್ಗೆ ಎದ್ದು ಬ್ರೆಡ್ಡು ತರಲು ಹೋದವರು ಹವಾಮಾನ ನೋಡುವ ಮೊದಲು ಕಂಬ ನೋಡುತ್ತಾರೆ.

“ಊರಲ್ಲಿ ಹುಟ್ಟೋರು ಕಮ್ಮಿ ಆಗಿದಾರೆ,” ಎಂದು ತ್ರಾಯ್ಕೊ ಯಂತ್ರ ಒರೆಸುತ್ತಾ ಹೇಳಿದ. “ಮದುವೆ ಆಗೋರು ಜರ್ಮನಿಗೆ ಹೋಗಿ ಆಗ್ತಾರೆ. ಸಾಯೋದಕ್ಕೆ ಮಾತ್ರ ನಿಯತ್ತಾಗಿ ಇಲ್ಲೇ ಉಳ್ಕೊಂಡಿದಾರೆ. ಅವರಿಂದ ನನ್ ಅಂಗಡಿ ನಡೀತಿದೆ. ನಿಂಗೇನಾಗ್ಬೇಕು?”

“ಸಭೆಗೆ ಕರೆಯೋ ಕಾಗದ. ಮೂರು ಸಲ ಬರೀ ಅಕ್ಷರ ಹಾಕಿ ನೋಡ್ದೆ, ಯಾರೂ ತಿರುಗಿ ನೋಡ್ಲಿಲ್ಲ. ಈ ಸಲ ಫೋಟೊ ಹಾಕು.” ನಿವೃತ್ತಿಯ ದಿನ ಕರಿಕೋಟಿನಲ್ಲಿ ತೆಗೆಸಿದ್ದ ಫೋಟೊವನ್ನು ಬ್ಲಾಗೊಯಾ ಜೇಬಿನಿಂದ ತೆಗೆದ. ಅದರಲ್ಲಿ ಅವನು ದೂರದ ಏನನ್ನೋ ಕ್ಷಮಿಸಿದವನ ಹಾಗೆ ನೋಡುತ್ತಿದ್ದ.

“ಎಷ್ಟು ದೊಡ್ಡದು?”

“ಅಧ್ಯಕ್ಷ ಅಂತ ಗೊತ್ತಾಗೋವಷ್ಟು.”

“ಚೌಕಟ್ಟು?”

“ಹಾಕು. ಸ್ವಲ್ಪ ಗಾಂಭೀರ್ಯ ಇರ್ಬೇಕು.”

“ನನ್ನತ್ರ ಗಂಭೀರವಾಗಿರೋ ಚೌಕಟ್ಟು ಒಂದೇ ಇರೋದು.”

“ಅದನ್ನೇ ಹಾಕು ಮಾರಾಯ, ಎಷ್ಟು ಕೇಳ್ತೀಯ.”

ತ್ರಾಯ್ಕೊ ಕೆಲಸದಲ್ಲಿ ಮೋಸ ಮಾಡುವವನಲ್ಲ. ಸಾವಿನ ಕಾಗದದ ನೆತ್ತಿಯಲ್ಲಿರುವ ಶಿಲುಬೆಯನ್ನು ನೆನಪಿಟ್ಟು ತೆಗೆದ. ಫೋಟೊ ಮುಕ್ಕಾಲು ಹಾಳೆ ತಿಂದಿತು. ‘ಬ್ಲಾಗೊಯಾ ನಿಕೊದಿನೊವ್ಸ್ಕಿ, ಅಧ್ಯಕ್ಷರು’ ಎಂಬುದು ದಪ್ಪಕ್ಷರದಲ್ಲಿ ಬಂತು. ‘ಬುಧವಾರ ಹನ್ನೆರಡು ಗಂಟೆಗೆ, ಸಂಸ್ಕೃತಿ ಭವನದಲ್ಲಿ’ ಎಂಬುದೂ ದಪ್ಪಕ್ಷರದಲ್ಲೇ ಬಂತು. ಮೇಲ್ಕೇರಿಯ ಮೆಟ್ಟಿಲಿಗೆ ಕಂಬಿ ಹಾಕಿಸುವ ವಿಷಯದ ಸಾರ್ವಜನಿಕ ಸಭೆಗೆ ಎಲ್ಲರನ್ನೂ ಆಹ್ವಾನಿಸಲಾಗಿದೆ ಎಂಬುದಕ್ಕೆ ಉಳಿದ ಜಾಗದಲ್ಲಿ ಇರುವೆಯಷ್ಟು ಅಕ್ಷರಗಳೇ ಗತಿಯಾದವು. ಅಂಟಿಸುವ ಕೆಲಸವೂ ಅಂಗಡಿಯದೇ ಆದ್ದರಿಂದ, ತ್ರಾಯ್ಕೊ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಭ್ಯಾಸಬಲದಿಂದ ಎಂದಿನ ಕಂಬಗಳಿಗೇ ಅಂಟಿಸಿ, ದ್ರಾಕ್ಷಿ ಕೊಯ್ಲಿಗೆಂದು ಬೇರೆ ಊರಿಗೆ ಹೊರಟುಹೋದ. ಮುದ್ರಿಸಿದವನೇ ಊರಲ್ಲಿಲ್ಲ. ಅಚ್ಚಾದವನು ಶನಿವಾರದಿಂದ ನೆಗಡಿ ಹಿಡಿದು ಹೊದ್ದು ಮಲಗಿದ್ದ.

ಬೇಕರಿಯ ಮುಂದಿನ ಸಾಲು ಕಂಬದ ಮುಂದೆ ನಿಂತಿತು.

“ಅಯ್ಯೋ, ನಮ್ ಅಂಚೆಯವ್ನು. ಮೊನ್ನೆ ತಾನೇ ಮಾತಾಡ್ಸಿದ್ದ. ಏನೋ ಸಭೆಗೆ ಬಾ ಅಂದಿದ್ದ, ನಾನು ನೋಡೋಣ ಅಂದಿದ್ದೆ.”

“ನಂಗೂ ಹೇಳಿದ್ದ. ನಾನೂ ನೋಡೋಣ ಅಂದಿದ್ದೆ.”

“ಶಿಲುಬೆ ಇಲ್ವಲ್ಲ ಇದ್ರಲ್ಲಿ?”

“ಹಳೇ ಕಮ್ಯುನಿಸ್ಟ್ ಕಾಲದೋನು ಅಲ್ವಾ, ಪಾದ್ರಿ ಬೇಡ ಅಂದಿರ್ತಾನೆ. ಅದಕ್ಕೇ ಸಂಸ್ಕೃತಿ ಭವನದಲ್ಲಿ ಇಟ್ಕೊಂಡಿದಾರೆ. ಅಧ್ಯಕ್ಷ ಬೇರೆ ಆಗಿದ್ನಂತೆ ನೋಡು, ಹಾಕಿದಾರೆ.”

“ಮನೆಗೆ ಹೋಗಿ ಹೆಂಡ್ತೀನ ಮಾತಾಡಿಸ್ಬೇಕು ಪಾಪ.”

ಎಲ್ಲರೂ ತಲೆಯೆತ್ತಿ ಮೇಲ್ಕೇರಿಯ ಕಡೆ ನೋಡಿದರು. ಮೆಟ್ಟಿಲುಗಳು ಬೆಳಗಿನ ಬಿಸಿಲಿನಲ್ಲಿ ಎಂದಿಗಿಂತ ಕಡಿದಾಗಿ ಕಂಡವು.

“ಆ ಮೆಟ್ಟಿಲು ಯಾರು ಹತ್ತೋದು? ಬುಧವಾರ ಹೇಗೂ ಕೆಳಗೇ ಇಟ್ಕೊಂಡಿದಾರಲ್ಲ.”

ಹೀಗಾಗಿ, ಹತ್ತು ನಿಮಿಷ ಹತ್ತಿ ಹೋಗಿದ್ದರೆ ಅವನು ಮಂಚದ ಮೇಲೆ ಕೂತು ಸಾರು ಕುಡಿಯುವುದನ್ನು ಕಣ್ಣಾರೆ ಕಾಣಬಹುದಾಗಿದ್ದ ಊರು, ಮೆಟ್ಟಿಲಿಗೆ ಹೆದರಿ ಅವನನ್ನು ಸತ್ತವನೆಂದೇ ಇಟ್ಟುಕೊಂಡಿತು.

ದೊಂಕಾ ಮಾತ್ರ ಪಕ್ಕದ ಮನೆಯವಳು. ವಾರಕ್ಕೊಮ್ಮೆ ಕೆಳಗಿಳಿಯುವವಳು ಅವತ್ತು ಇಳಿದು, ಕಂಬ ನೋಡಿ, ಅಳುತ್ತಲೇ ಮೇಲೆ ಹತ್ತಿ ಬಂದಳು. ಲೆಂಚೆ ಅಂಗಳದಲ್ಲಿ ಕೂತು ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಅಲ್ಲಿ ಎಲ್ಲರ ಅಂಗಳದಲ್ಲೂ ಇದೇ ಕೆಲಸ. ಸುಟ್ಟು, ಸಿಪ್ಪೆ ತೆಗೆದು, ಅರೆದು, ಬಾಟಲಿಗಳಲ್ಲಿ ತುಂಬಿಟ್ಟರೆ ಚಳಿಗಾಲ ಕಳೆಯುತ್ತದೆ.

“ಲೆಂಚೆ,” ಎಂದಳು ದೊಂಕಾ, ಎದೆಯ ಮೇಲೆ ಕೈಯಿಟ್ಟು. “ನೀನು ಮೆಣಸಿನಕಾಯಿ ಸುಡ್ತಿದೀಯ.”

“ಸುಡ್ದೆ ಏನ್ಮಾಡ್ಲಿ? ಕೊಳೆಯೋಕೆ ಬಿಡ್ಲಾ?”

“ಅವನಿಗೆ ಬಹಳ ಇಷ್ಟ ಇತ್ತು.”

“ಇಷ್ಟ ಏನ್ ಬಂತು, ವಾರಕ್ಕೊಂದು ಬಾಟ್ಲಿ ಮುಗಿಸ್ತಾನೆ.”

ದೊಂಕಾ ಕಣ್ಣೊರೆಸಿಕೊಂಡಳು. “ಹೇಗಾಯ್ತು ಕಣೆ?”

“ಶನಿವಾರ ಒದ್ದೆ ತಲೇಲಿ ಕಟ್ಟೆ ಮೇಲೆ ಕೂತಿದ್ದ. ಸಂಜೆಗೆ ಶುರುವಾಯ್ತು. ಎಷ್ಟು ಹೇಳಿದ್ರೂ ಟೋಪಿ ಹಾಕಲ್ಲ.”

“ಬರೀ ಅಷ್ಟಕ್ಕೆ?”

“ಈ ವಯಸ್ಸಲ್ಲಿ ಅಷ್ಟೇ ಸಾಕು.”

“ಈಗ ಎಲ್ಲಿ... ಎಲ್ಲಿ ಇಟ್ಟಿದೀರಿ?”

“ಒಳಗೆ ಮಲಗಿದಾನೆ. ಮಧ್ಯಾಹ್ನ ಸಾರು ಕೊಡ್ಬೇಕು. ಎಬ್ಬಿಸ್ಲಾ?”

ದೊಂಕಾ ಎರಡು ಹೆಜ್ಜೆ ಹಿಂದೆ ಸರಿದಳು. ಗೆಳತಿಯ ಕೆನ್ನೆ ಸವರಿ ತಿರುಗಿದಳು. ಮತ್ತೆ ನೂರ ಎಂಬತ್ತಾರು ಮೆಟ್ಟಿಲು ಇಳಿದು ಕೆಳಗಿನ ಮಗಳ ಮನೆ ಸೇರಿದಳು. ಸತ್ತವರ ಹೆಸರಿನಲ್ಲಿ ಹಂಚುವ ಸಿಹಿಗೋಧಿ ಬೇಯಿಸಲು ಅಲ್ಲಿ ದೊಡ್ಡ ಪಾತ್ರೆಯಿತ್ತು. ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು, ಲೆಂಚೆಗೆ ದುಃಖ ತಲೆಗೇರಿದೆ, ಗಂಡ ಮಲಗಿದ್ದಾನೆ, ಸಾರು ಕುಡಿಯುತ್ತಾನೆ ಎನ್ನುತ್ತಾಳೆ ಎಂದು. ಬೇಕರಿಯ ಸಾಲಿನಲ್ಲಿ ಗಂಡಸರೂ ಅತ್ತರು.

ಮೇಯರ್ ಸಾಹೇಬರಿಗೆ ಸುದ್ದಿ ಮುಟ್ಟಿದ್ದು ಮಂಗಳವಾರ. ಒಂದೂವರೆ ವರ್ಷದಿಂದ ಬ್ಲಾಗೊಯಾ ಭೇಟಿಗೆ ಕೇಳುತ್ತಿದ್ದರೂ ಅವರಿಗೆ ಬಿಡುವಾಗಿರಲಿಲ್ಲ. ಈಗ ಕೂಡಲೇ ಬಿಡುವಾಯಿತು. ಏನನ್ನೂ ಹೊಸದಾಗಿ ಕೇಳಲಾರದ ಸಂಘಾಧ್ಯಕ್ಷನೊಡನೆ ಸಹಕರಿಸುವುದು ಯಾವ ಸರ್ಕಾರಕ್ಕೂ ಕಷ್ಟವಲ್ಲ.

“ಏನು ಕೇಳ್ತಿದ್ರು ಅವರು?” ಎಂದು ಗೊರಿತ್ಸಾಳನ್ನು ಕರೆಸಿ ವಿಚಾರಿಸಿದರು.

“ಮೆಟ್ಟಿಲಿಗೆ ಕಂಬಿ, ಸರ್.”

“ಅಷ್ಟೇನಾ?”

“ಅಷ್ಟೇ. ಹದಿನೆಂಟು ಅರ್ಜಿ ಇದೆ.”

“ಕೊಟ್ಬಿಡೋಣ. ಅವರ ಹೆಸರೇ ಇಡೋಣ. ಸ್ಮರಣಾರ್ಥ ಅಂತ ಹಿತ್ತಾಳೆ ಫಲಕ ಇವತ್ತೇ ಕೆತ್ತೋಕೆ ಹೇಳಿ. ಆದ್ರೆ ಸಭೆ ನಿಯಮದ ಪ್ರಕಾರ ಆಗ್ಲಿ. ಸಹಿ ಬಿದ್ರೆ ಮಾತ್ರ.”

ಆ ಫಲಕ ಎರಡು ಗಂಟೆಯಲ್ಲಿ ಸಿದ್ಧವಾಯಿತು. ಆ ಪುರಸಭೆಯ ಇತಿಹಾಸದಲ್ಲಿ ಇಷ್ಟು ಬೇಗ ಬೇರೆ ಯಾವ ಕೆಲಸವೂ ಆದದ್ದಿಲ್ಲ.

ಗೊರಿತ್ಸಾ ತನ್ನ ಕೋಣೆಗೆ ಬಂದು ಬ್ಲಾಗೊಯಾನ ಕಡತ ತೆಗೆದಳು. ಹದಿನೆಂಟು ಅರ್ಜಿಗಳಿಗೂ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿದ್ದವಳು ಅವಳೇ. ಮನಸ್ಸು ತಡೆಯದೆ ವಿಧವೆಗೆ ಸಾಂತ್ವನ ಹೇಳಲು ಫೋನ್ ಮಾಡಿದಳು. ಆ ಕಡೆಯಿಂದ ಒಡೆದ ಗಂಟಲಿನ ಗಂಡುದನಿ ಹಲೋ ಎಂದಿತು.

“ತಾವು ಸಂಬಂಧಿಕರಾ?”

“ನಾನು ಅಧ್ಯಕ್ಷ.”

ಗೊರಿತ್ಸಾ ರಿಸೀವರನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗಿಟ್ಟಳು. “ಬ್ಲಾಗೊಯಾ ಅವರೇ, ನೀವು... ಹೇಗಿದೀರಿ?”

“ಮೂಗು ಕಟ್ಟಿದೆ. ನಾಳೆ ಬರ್ತೀನಿ, ಚಿಂತೆ ಬೇಡ. ಜನ ಬರ್ತಾರೆ ಅನ್ಸತ್ತಾ?”

“ಜನ ಬರ್ತಾರೆ,” ಎಂದಳು ಗೊರಿತ್ಸಾ ನಿಧಾನವಾಗಿ. ಆಮೇಲೆ ಕಂಬಗಳ ಮೇಲೆ ಏನಿದೆ, ಊರು ಏನು ತಿಳಿದಿದೆ, ಮೇಯರ್ ಏನು ಕೆತ್ತಿಸಿದ್ದಾರೆ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಒಂದು ಸೀನು ಕೇಳಿಸಿತು.

“ಹೋಗಿ ಎಲ್ಲರಿಗೂ ಹೇಳಿಬಿಡ್ತೀನಿ,” ಎಂದ ಬ್ಲಾಗೊಯಾ.

“ಹೇಳಿ. ಹೇಳಿದ್ರೆ ನಾಳೆ ಮತ್ತೆ ಇಬ್ರು ಬರ್ತಾರೆ.” ಗೊರಿತ್ಸಾ ದನಿ ತಗ್ಗಿಸಿದಳು. “ನಾನು ಸುಳ್ಳು ಹೇಳಿ ಅಂತಿಲ್ಲ. ಕಾಗದದಲ್ಲಿ ಸಭೆ ಅಂತಾನೇ ಇದೆ, ನಾನು ಕನ್ನಡಕ ಹಾಕ್ಕೊಂಡು ಓದ್ದೆ. ನೀವು ಹನ್ನೆರಡಕ್ಕೆ ಬರೋ ಬದ್ಲು ಒಂದಕ್ಕೆ ಬನ್ನಿ. ತಡವಾಗಿ ಬರೋದು ಅಪರಾಧ ಅಲ್ಲ. ನಮ್ ಮೇಯರ್ ದಿನಾ ಬರ್ತಾರೆ.”

ಫೋನ್ ಇಟ್ಟು ಬ್ಲಾಗೊಯಾ ಲೆಂಚೆಗೆ ಹೇಳಿದಾಗ ಅವಳು ಸುಲಿಯುತ್ತಿದ್ದ ಮೆಣಸಿನಕಾಯಿಯನ್ನು ತಟ್ಟೆಗೆ ಹಾಕಿದಳು.

“ದೊಂಕಾ ನನ್ ಕೆನ್ನೆ ಸವರಿದ್ದು ಇದಕ್ಕಾ? ಬದುಕಿದೀನಿ ಅಂತ ಹೇಳೋಕೆ ನಿಂಗೇನು ಕಷ್ಟ?”

“ಮೂವತ್ತು ಸಹಿ ಕಣೆ.”

“ಯಾರಿಗೋಸ್ಕರ?”

ಬ್ಲಾಗೊಯಾ ಒಲೆಯ ಮೇಲಿನ ಒಪ್ಪಂದವನ್ನು ನೋಡಿದ. “ಮೇಲ್ಕೇರಿಯ ನಿವಾಸಿಗಳಿಗೋಸ್ಕರ,” ಎಂದ.

“ಈ ನಿವಾಸಿ ಒಂದು ಮಾತು ಹೇಳ್ತೀನಿ ಕೇಳು. ನಿನ್ನ ಸಾಯಿಸಿ ಸಿಕ್ಕಿದ ಕಂಬಿ ಹಿಡ್ಕೊಂಡು ಇಳಿಯೋಳಲ್ಲ ನಾನು.” ಅಷ್ಟು ಹೇಳಿ ಅವಳು ಮತ್ತೆ ಮೆಣಸಿನಕಾಯಿ ಸುಲಿಯಲು ಕೂತಳು. ಹೆಂಡತಿಯ ಮಾತು ಸರಿ ಎಂದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದ ಲೆಕ್ಕವೂ ಗೊತ್ತಿತ್ತು.

ಬುಧವಾರ ಹನ್ನೊಂದಕ್ಕೇ ಬ್ಲಾಗೊಯಾ ಕಾಲರ್ ಎತ್ತಿಕೊಂಡು ಹಿಂದಿನ ಓಣಿಯಿಂದ ಸಂಸ್ಕೃತಿ ಭವನ ಸೇರಿ, ವೇದಿಕೆಯ ಮಖಮಲ್ಲಿನ ಪರದೆಯ ಹಿಂದೆ ಒಂದು ಹಳೆಯ ನಗಾರಿಯ ಮೇಲೆ ಕೂತ. ಒಂದು ಗಂಟೆಗೆ ಬರಬೇಕಾದವನು ಹನ್ನೊಂದಕ್ಕೆ ಬಂದದ್ದೇಕೆ ಎಂದು ಕೇಳಿದರೆ, ತನ್ನ ಸಾವಿಗೆ ಎಷ್ಟು ಜನ ಬರುತ್ತಾರೆ ಎಂದು ನೋಡುವ ಆಸೆ ಯಾರಿಗಿಲ್ಲ? ಪರದೆಯಲ್ಲಿ ಇಲಿ ಕಡಿದ ಒಂದು ತೂತಿತ್ತು.

ಹನ್ನೆರಡಕ್ಕೆ ಭವನ ತುಂಬಿತು. ಕಪ್ಪು ಬಟ್ಟೆ, ಗೋಧಿಯ ಪಾತ್ರೆಗಳು, ಕರವಸ್ತ್ರಗಳು, ವೇದಿಕೆಯ ಮೇಲೆ ಪುರಸಭೆಯವರು ದೊಡ್ಡದು ಮಾಡಿಸಿಟ್ಟ ಅವನ ಫೋಟೊ. ಬಾಗಿಲಲ್ಲಿ ಗೊರಿತ್ಸಾ ಹಾಜರಿ ಹಾಳೆ ಹಿಡಿದು ಕೂತಿದ್ದಳು. ಮೇಲೆ ‘ಹಾಜರಿ’ ಎಂದೇ ಬರೆದಿತ್ತು. ಜನ ಸಂತಾಪದ ಪುಸ್ತಕವೆಂದುಕೊಂಡು ಸಾಲಾಗಿ ನಿಂತು ಸಹಿ ಹಾಕಿದರು. ಕೆಲವರು ಸಹಿಯ ಪಕ್ಕದಲ್ಲಿ, ಸತ್ತವರಿಗೆ ಹೇಳುವಂತೆ, ‘ದೇವರು ಅವನನ್ನು ಕ್ಷಮಿಸಲಿ’ ಎಂದೂ ಬರೆದರು. ಮೂವತ್ತನೆಯ ಸಹಿ ಬಿದ್ದಾಗ ಗೊರಿತ್ಸಾ ಅದರ ಪಕ್ಕ ಒಂದು ಸಣ್ಣ ಚುಕ್ಕಿ ಇಟ್ಟಳು. ಕೊನೆಗೆ ನೂರ ನಲವತ್ತಮೂರು ಆಯಿತು.

ಮೇಯರ್ ಮಾತಾಡಿದರು. ಪುರಸಭೆ ಒಬ್ಬ ಪ್ರಾಮಾಣಿಕ ಪಾಲುದಾರನನ್ನು ಕಳೆದುಕೊಂಡಿದೆ, ಅವರೊಡನೆ ತಾವು ಕಳೆದ ಗಂಟೆಗಳನ್ನು ಮರೆಯಲಾರೆ ಎಂದರು. ಪರದೆಯ ಹಿಂದೆ ಬ್ಲಾಗೊಯಾ ಆ ಗಂಟೆಗಳನ್ನು ನೆನಪಿಸಿಕೊಳ್ಳಲು ಯತ್ನಿಸಿದ. ಸತ್ತವರ ಬಗ್ಗೆ ತಿಳಿದವರು ಎರಡು ಮಾತಾಡುವುದು ಅಲ್ಲಿನ ಪದ್ಧತಿ. ಮೊದಲು ಎದ್ದವಳು ದೊಂಕಾ.

“ಎರಡು ವರ್ಷದ ಹಿಂದೆ ನನ್ ಗಂಡನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಕೆಳಗೇ ನಿಂತ್ಕೊಳ್ತು. ಮೆಟ್ಟಿಲ ಮೇಲೆ ಮಂಚ ಹಿಡ್ದೋನು ಇವ್ನೇ. ಹಿಂದಕ್ಕೆ ಹೆಜ್ಜೆ ಇಟ್ಕೊಂಡು ಇಳಿದ. ಒಂದೊಂದು ಮೆಟ್ಟಿಲೂ ಎಣಿಸ್ತಿದ್ದ, ಜೋರಾಗಿ, ನಮಗೆಲ್ಲ ಹೆಜ್ಜೆ ಗೊತ್ತಾಗ್ಲಿ ಅಂತ.”

ನಿವೃತ್ತ ಬಸ್ ಚಾಲಕನೊಬ್ಬ ಎದ್ದು, ಕಳೆದ ಚಳಿಗಾಲ ತಾನು ಅಲ್ಲಿ ಬಿದ್ದು ಕೈ ಮುರಿದುಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ, ಕುಡಿದು ಬಿದ್ದ ಎಂದುಕೊಳ್ಳುತ್ತಾರೆ ಎಂದು ಹೆದರಿದ್ದೆ ಎಂದ. ಸ್ವಲ್ಪ ತಡೆದು, ಕುಡಿದಿದ್ದೆ, ಆದರೆ ಬಿದ್ದದ್ದು ಮಂಜಿಗೆ ಎಂದ. ಇನ್ನೊಬ್ಬಳು ಎದ್ದಳು, ಮತ್ತೊಬ್ಬ ಎದ್ದ. ಬ್ಲಾಗೊಯಾ ತನ್ನ ಗುಣಗಾನಕ್ಕಾಗಿ ತೂತಿಗೆ ಕಿವಿಗೊಟ್ಟಿದ್ದರೆ, ಎಲ್ಲರ ಮಾತೂ ಮೆಟ್ಟಿಲಿಗೇ ಬಂದು ನಿಲ್ಲುತ್ತಿತ್ತು. ಒಬ್ಬರಾದರೂ ಅವನನ್ನು ಅಧ್ಯಕ್ಷ ಎನ್ನಲಿಲ್ಲ. ಅಂಚೆಯವನು ಎಂದರು. ಅವನಿಗೆ ಒಂದು ಕ್ಷಣ ಬೇಸರವಾಯಿತು. ಆಮೇಲೆ ಕರವಸ್ತ್ರ ತೆಗೆದ, ಅದು ನೆಗಡಿಗಲ್ಲ.

ಬೇಕರಿಯ ಸ್ಪಾಸೆ ಕೊನೆಗೆ ಎದ್ದ. ದಪ್ಪ ಮನುಷ್ಯ, ಮಾತು ಕಡಿಮೆ.

“ನಮ್ಮಮ್ಮ ಮೇಲ್ಕೇರೀಲಿದ್ಲು. ಕೊನೇ ವರ್ಷ ನಾನು ಹನ್ನೊಂದು ಸಲ ಹೋಗಿದೀನಿ. ಇವ್ನು ದಿನಾ ಹೋಗಿ ಮಾತ್ರೆ ಕೊಟ್ಟು ಬರ್ತಿದ್ದ. ನಾನು ಕೇಳಿದೋರಿಗೆಲ್ಲ ಮೆಟ್ಟಿಲು ಕಷ್ಟ ಅಂತಿದ್ದೆ. ಅದು ನೆಪ ಅಂತ ನಂಗೊತ್ತಿತ್ತು. ಆದ್ರೆ ಆ ನೆಪ ನಂಗೆ ಸಿಗ್ಬಾರ್ದಿತ್ತು.”

ಗೊರಿತ್ಸಾ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಹದಿನೇಳು ವರ್ಷದಲ್ಲಿ ಸಾರ್ವಜನಿಕ ಸಭೆಯೊಂದರ ನಡಾವಳಿ ಎರಡನೆಯ ಪುಟಕ್ಕೆ ಹೋದದ್ದು ಅದೇ ಮೊದಲು.

ಆಗ ಹಿಂದಿನ ಬಾಗಿಲು ತೆರೆಯಿತು. ಲೆಂಚೆ ನಿಂತಿದ್ದಳು. ಕಪ್ಪು ಬಟ್ಟೆಯಿಲ್ಲ, ಅಡಿಗೆಯ ಮೇಲುಡುಪು, ಮೆಣಸಿನಕಾಯಿ ಸುಲಿದು ಕೆಂಪಾದ ಕೈಗಳು. ಲಂಗದ ಹಿಂಭಾಗವೆಲ್ಲ ಧೂಳು, ಒಂದು ಕಡೆ ಹರಿದಿತ್ತು. ಮೊದಲ ಸಾಲಿನಲ್ಲಿದ್ದ ಅವಳ ತಂಗಿ ಎದ್ದು ನಿಂತಳು. ಒಂದೂವರೆ ವರ್ಷದ ಮೇಲೆ ಅಕ್ಕನನ್ನು ಹೊಗೆಯಿಲ್ಲದೆ ನೋಡಿದ್ದು.

“ನನ್ ಗಂಡ ಸತ್ತಿಲ್ಲ,” ಎಂದಳು ಲೆಂಚೆ. “ನೆಗಡಿ ಆಗಿದೆ.”

ಜನ ಮರುಕದಿಂದ ತಲೆ ಆಡಿಸಿದರು. ಸಾರಿನ ವಿಷಯ ಅವರಿಗೆ ಮೊದಲೇ ಗೊತ್ತಿತ್ತಲ್ಲ.

“ಹಾಗೆ ನೋಡ್ಬೇಡಿ. ತಲೆ ಸರಿ ಇದೆ, ಸೊಂಟ ಸರಿ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೊರಟೆ, ನಿಮಗೆ ನಿಜ ಹೇಳ್ಬೇಕು ಅಂತ. ಹಿಡ್ಕೊಳ್ಳೋಕೆ ಏನೂ ಇಲ್ಲ. ಕೂತ್ಕೊಂಡೇ ಇಳಿದೆ, ಮಗು ಇಳಿದ ಹಾಗೆ, ಒಂದೊಂದೇ ಮೆಟ್ಟಿಲು. ಎಪ್ಪತ್ತೊಂದನೇದ್ರಲ್ಲಿ ಕಾಲು ಗಂಟೆ ಅಲ್ಲಾಡಕ್ಕಾಗ್ಲಿಲ್ಲ. ಈಗ ಹನ್ನೆರಡೂ ಮುಕ್ಕಾಲು. ಗೊರಿತ್ಸಾ, ಬರ್ಕೊಳ್ತಿದೀಯಲ್ಲ, ಇದನ್ನೂ ಬರ್ಕೋ.”

ಗೊರಿತ್ಸಾ ಬರೆದುಕೊಂಡಳು. ಪರದೆಯ ಹಿಂದೆ ಯಾರೋ ಸೀನಿದರು. ಮೇಯರ್ ಸೀನಿದವರಿಗೆ ಹರಸುವ ಅಭ್ಯಾಸದಂತೆ “ಆರೋಗ್ಯವಾಗಿರಿ” ಎಂದು, ಆಮೇಲೆ ತಿರುಗಿ ನೋಡಿದರು.

ಬ್ಲಾಗೊಯಾ ಪರದೆ ಸರಿಸಿಕೊಂಡು ಬಂದ. ತನ್ನದೇ ದೊಡ್ಡ ಫೋಟೊದ ಪಕ್ಕದಲ್ಲಿ ನಿಂತ. ಫೋಟೊದವನು ಊರನ್ನು ಕ್ಷಮಿಸುತ್ತಿದ್ದ, ಇವನು ಊರಿನ ಕ್ಷಮೆ ಕೇಳುವವನಂತಿದ್ದ.

“ತಪ್ಪಾಯ್ತು,” ಎಂದ. “ಫೋಟೊ ದೊಡ್ಡದಾಯ್ತು.”

ಸತ್ತವನು ಬದುಕಿ ಬಂದರೆ ಜನ ಕುಣಿದಾಡುತ್ತಾರೆ ಎಂದು ಕಥೆಗಳಲ್ಲಿ ಓದಿದ್ದೇವೆ. ಸ್ತಾರಾ ಚೆಷ್ಮಾದವರು ಮೊದಲು ಸಿಟ್ಟಾದರು.

“ನಾನು ಅಂಗಡಿ ಮುಚ್ಕೊಂಡು ಬಂದಿದೀನಿ,” ಎಂದ ಒಬ್ಬ.

“ಎರಡು ಕಿಲೋ ಗೋಧಿ ಬೇಯಿಸಿದೀನಿ,” ಎಂದಳು ದೊಂಕಾ. “ಸತ್ತಿಲ್ಲ ಅಂತ ಸೋಮವಾರಾನೇ ಹೇಳ್ಬಾರ್ದಿತ್ತಾ, ಲೆಂಚೆ?”

“ಹೇಳಿದ್ನಲ್ಲೇ. ಎಬ್ಬಿಸ್ಲಾ ಅಂತ್ಲೂ ಕೇಳ್ದೆ.”

ಮೇಯರ್ ಗೊರಿತ್ಸಾಳ ಕಿವಿಯ ಹತ್ತಿರ ಬಗ್ಗಿದರು. “ಇವರೆಲ್ಲ ಸಂತಾಪಕ್ಕೆ ಬಂದೋರು. ಈ ಸಹಿ ನಡೆಯಲ್ಲ ಅಲ್ವಾ?”

ಗೊರಿತ್ಸಾ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. “ನಿಯಮ ಹನ್ನೆರಡು, ಸರ್. ಹಾಜರಿದ್ದ ನಿವಾಸಿಗಳ ಸಂಖ್ಯೆ ಮೂವತ್ತಕ್ಕೆ ಕಮ್ಮಿ ಇರಬಾರ್ದು. ಯಾಕೆ ಹಾಜರಾದ್ರು ಅಂತ ನಿಯಮ ಕೇಳಲ್ಲ. ಆದ್ರೆ ಬೇರೆ ಏನೋ ಅಂದ್ಕೊಂಡು ಸಹಿ ಹಾಕಿದೋರು ಈಗ ಹೊಡೆದು ಹಾಕ್ಬಹುದು. ಹಾಳೆ ಇಲ್ಲಿದೆ, ಪೆನ್ನೂ ಇದೆ.”

ಪೆನ್ನು ಮೇಜಿನ ಮೇಲೆ ಬಿದ್ದಿತ್ತು. ಬ್ಲಾಗೊಯಾ ಅದನ್ನೇ ನೋಡುತ್ತಿದ್ದ. ಸ್ಪಾಸೆ ಕುರ್ಚಿ ಸರಿಸಿಕೊಂಡು ಎದ್ದು ಮೇಜಿನ ಕಡೆ ನಡೆದಾಗ ಅವನು ಕಣ್ಣು ತಗ್ಗಿಸಿದ.

“ನಾನು ಹೇಳಿದ್ದು ಸತ್ತೋನಿಗೆ ಅಂತ ಹೇಳಿದ್ದಲ್ಲ,” ಎಂದ ಸ್ಪಾಸೆ. “ನಂದು ‘ದೇವರು ಕ್ಷಮಿಸಲಿ’ ಅಂತ ಬರೆದಿರೋದನ್ನ ಮಾತ್ರ ಹೊಡೀತೀನಿ. ಸಹಿ ಇರ್ಲಿ.”

ಅವನ ಹಿಂದೆ ಇನ್ನೂ ಕೆಲವರು ಬಂದು ಅಷ್ಟನ್ನೇ ಹೊಡೆದುಹಾಕಿದರು. ದೊಂಕಾ ಮಾತ್ರ, ಇವನನ್ನು ದೇವರು ಹೇಗೂ ಕ್ಷಮಿಸಬೇಕಾಗುತ್ತದೆ, ಅದು ಇರಲಿ ಎಂದಳು. ಗೋಧಿ ತಣ್ಣಗಾಗುವ ಮೊದಲು ಹಂಚಿದರು. ಬದುಕಿರುವವನಿಗೆ ತನ್ನ ಹೆಸರಿನ ಗೋಧಿ ಕೊಡಬಹುದೋ ಇಲ್ಲವೋ ಎಂದು ಸ್ವಲ್ಪ ಚರ್ಚೆಯಾಗಿ, ನೆಗಡಿಗೆ ಒಳ್ಳೆಯದು ಎಂದು ತೀರ್ಮಾನವಾಯಿತು.

ಲೆಂಚೆ ಮೇಲೆ ಹತ್ತಬೇಕಿತ್ತಲ್ಲ. ತಂಗಿ ಒಂದು ಕಡೆ, ಸ್ಪಾಸೆ ಇನ್ನೊಂದು ಕಡೆ ಹಿಡಿದರು, ಬ್ಲಾಗೊಯಾ ಹಿಂದಿನಿಂದ ಜೋರಾಗಿ ಮೆಟ್ಟಿಲು ಎಣಿಸಿದ. ಅವರ ಹಿಂದೆ ಅರ್ಧ ಊರು ಏದುಸಿರು ಬಿಡುತ್ತಾ ಹತ್ತಿತು. ಮೇಲೆ ತಲುಪಿ ಅಂಗಳದಲ್ಲಿ ಕೂತು ಸುಟ್ಟ ಮೆಣಸಿನಕಾಯಿ ತಿಂದರು. ಸ್ಪಾಸೆ ಮಾತ್ರ ಎರಡು ಮನೆ ಆಚೆ ಹೋಗಿ, ಬೀಗ ಹಾಕಿದ್ದ ಅಮ್ಮನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಬಂದ.

ಏಪ್ರಿಲಿನಲ್ಲಿ ಕಂಬಿ ಬಂತು. ಎಪ್ಪತ್ತೊಂದನೆಯ ಮೆಟ್ಟಿಲಿನ ಬಳಿ ಹಿತ್ತಾಳೆಯ ಫಲಕವೂ ಬಂತು. ‘ಬ್ಲಾಗೊಯಾ ನಿಕೊದಿನೊವ್ಸ್ಕಿ ಅವರ ಸ್ಮರಣಾರ್ಥ.’ ಅದನ್ನು ತೆಗೆಸಲು ಬ್ಲಾಗೊಯಾ ಅರ್ಜಿ ಕೊಟ್ಟ. ಸಾರ್ವಜನಿಕ ಸ್ಮಾರಕ ತೆಗೆಯಬೇಕಾದರೆ ಸಾರ್ವಜನಿಕ ಸಭೆ ಆಗಬೇಕು, ಮೂವತ್ತು ಸಹಿ ಬೇಕು ಎಂದು ಉತ್ತರ ಬಂತು. ಈಗ ಅವನು ಪ್ರತಿ ಶನಿವಾರ ಹೋಗಿ ತನ್ನ ಸ್ಮರಣೆಯನ್ನು ತಾನೇ ಉಜ್ಜಿ ಹೊಳಪು ಮಾಡಿ ಬರುತ್ತಾನೆ.

ಮೇ ತಿಂಗಳಿನಲ್ಲಿ ಮೆಟ್ಟಿಲಿಗೆ ದೀಪ ಹಾಕಿಸುವ ವಿಷಯದ ಸಭೆ ಕರೆದರು. ಊರು ತನ್ನ ಹಳೆಯ ಸ್ವಭಾವಕ್ಕೆ ಮರಳಿತ್ತು. ಏಳು ಜನ ಬಂದರು. ಅಂಚೆಯವನ ಮುಖವನ್ನು ಕಂಬದ ಮೇಲೆ ಇನ್ನೊಮ್ಮೆ ಕಂಡರೂ ಯಾರೂ ನಂಬುವ ಹಾಗಿರಲಿಲ್ಲ. ಬ್ಲಾಗೊಯಾ ತ್ರಾಯ್ಕೊನ ಅಂಗಡಿಯಲ್ಲಿ ಕೂತು, ಎರಡನೆಯ ಸಭೆಗೆ ಅಕ್ಷರ ದೊಡ್ಡದು ಮಾಡುವುದೋ, ಬಣ್ಣದ ಕಾಗದ ಹಾಕುವುದೋ ಎಂದು ತಲೆಕೆಡಿಸಿಕೊಂಡಿದ್ದ.

ಬಾಗಿಲ ಗಂಟೆ ಸದ್ದಾಯಿತು. ಲೆಂಚೆ ಒಳಗೆ ಬಂದಳು, ಒಬ್ಬಳೇ, ಕೈಚೀಲ ಹಿಡಿದುಕೊಂಡು. ಕಂಬಿ ಹಿಡಿದು ಇಪ್ಪತ್ತು ನಿಮಿಷದಲ್ಲಿ ಇಳಿದಿದ್ದಳು. ಸಂತೆಗೆ ಹೋಗುವ ದಾರಿಯಲ್ಲಿ ಇದೊಂದು ಕೆಲಸ ಮುಗಿಸೋಣವೆಂದು ಬಂದವಳಂತೆ ಕುರ್ಚಿಯೆಳೆದು ಕೂತು, ಚೀಲದಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟಳು. ನೀಲಿ ಅಂಗಿ, ಕಿವಿಯೋಲೆ, ನಗುಮುಖ.

“ಈ ಸಲ ನಂದು ಹಾಕು, ತ್ರಾಯ್ಕೊ,” ಎಂದಳು. “ಚೌಕಟ್ಟು ಅದೇ ಇರ್ಲಿ. ಆದ್ರೆ ಅಕ್ಷರ ಸ್ವಲ್ಪ ದಪ್ಪ ಮಾಡು, ಓದೋರು ಓದ್ಲಿ.”